ಖಾನಾವಳಿಯ ಮೊಸರು: ಲೆಕ್ಕದ ಪುಸ್ತಕದಲ್ಲಿ ಇಲ್ಲದ ಒಂದು ಕಲಮು

ದೋಷವಿಲ್ಲದ ಕಡೆ ದೋಷ ಹುಡುಕುವವರನ್ನು ಕುರಿತು 'ಮೊಸರಿನಲ್ಲಿ ಕಲ್ಲು ಹುಡುಕುತ್ತಾರೆ' ಎಂದು ಹೇಳುವುದು ರೂಢಿ. ಆದರೆ ಮೊಸರನ್ನೇ ಮಾರಾಟದ ಸರಕನ್ನಾಗಿ ಉಳ್ಳ ಉದ್ಯಮಿಯು ಈ ಹುಡುಕಾಟವನ್ನು ಪ್ರತಿದಿನವೂ ನಡೆಸಲೇಬೇಕಾಗುತ್ತದೆ. ಏಕೆಂದರೆ ಅವನು ಹುಡುಕದಿದ್ದರೆ ಗ್ರಾಹಕನು ಹುಡುಕುತ್ತಾನೆ. ಸಿಕ್ಕ ಕಲ್ಲನ್ನು ಮಾಲೀಕನಿಗೆ ತೋರಿಸದೆ ಮರುದಿನ ಎದುರಿನ ಖಾನಾವಳಿಗೆ ಹೋಗುತ್ತಾನೆ.

ಬಾಗಲಕೋಟೆ ಜಿಲ್ಲೆಯ ಊಟವೆಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ ಮತ್ತು ಗಟ್ಟಿ ಮೊಸರು. ಇವುಗಳಲ್ಲಿ ರೊಟ್ಟಿ ಒಣಗಿದರೆ ಕಟಿ ರೊಟ್ಟಿಯಾಗಿ ಮಾರಾಟವಾಗುತ್ತದೆ. ಹಿಂಡಿ ವಾರಗಟ್ಟಲೆ ಉಳಿಯುತ್ತದೆ. ಪಲ್ಯ ಕೆಟ್ಟರೆ ವಾಸನೆಯಿಂದಲೇ ತಿಳಿಯುತ್ತದೆ. ಮೊಸರು ಮಾತ್ರ ಹಾಗಲ್ಲ. ಅದು ತಾಟಿಗೆ ಬರುವ ಕ್ಷಣದವರೆಗೂ ಬದಲಾಗುತ್ತಲೇ ಇರುತ್ತದೆ. ಒಂದೇ ಖಾನಾವಳಿಯಲ್ಲಿ ಸೋಮವಾರ ಸಿಹಿಯಾಗಿ, ಕೆನೆಗಟ್ಟಿ ಬಂದ ಮೊಸರು ಗುರುವಾರ ಹುಳಿಯಾಗಿ, ನೀರೊಡೆದು ಬರುವುದುಂಟು. ಬಾದಾಮಿಯಲ್ಲಿ ಒಂದು ಬಗೆ, ಇಳಕಲ್ಲಿನಲ್ಲಿ ಇನ್ನೊಂದು ಬಗೆ ಎಂದಾದರೆ ಅದು ಊರಿನ ರುಚಿ ಎನ್ನಬಹುದು. ಒಂದೇ ಅಂಗಡಿಯಲ್ಲಿ ದಿನಕ್ಕೊಂದು ಬಗೆಯಾದರೆ ಅದನ್ನು ನಿರ್ವಹಣೆಯ ದೋಷವೆಂದೇ ಕರೆಯಬೇಕು.

ಈ ದೋಷದ ಮೂಲ ಅಡಿಗೆಮನೆಯಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ಅದರ ಬಹುಪಾಲು ಲೆಕ್ಕದ ಪುಸ್ತಕದಲ್ಲಿದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಜೀವಂತ ಸರಕಿನ ಸ್ವಭಾವ

ಮೊಸರು ಹುದುಗಿನಿಂದ ಆಗುವ ಪದಾರ್ಥ. ಕಾಯಿಸಿದ ಹಾಲು ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ಉಗುರುಬೆಚ್ಚಗಾದಾಗ ಹೆಪ್ಪು ಹಾಕಿದರೆ, ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆಮ್ಲ ಹೆಚ್ಚಿದಂತೆ ಹಾಲು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಾತ್ರಕ್ಕೆ ಈ ಕೆಲಸ ನಿಲ್ಲುವುದಿಲ್ಲ. ತಂಪಾದ ಜಾಗಕ್ಕೆ ಸೇರಿಸುವವರೆಗೆ ಹುಳಿ ಏರುತ್ತಲೇ ಹೋಗುತ್ತದೆ. ತಂಪಿನಲ್ಲಿಯೂ ಅದು ನಿಧಾನವಾಗುತ್ತದೆಯೇ ಹೊರತು ಪೂರ್ಣವಾಗಿ ನಿಲ್ಲುವುದಿಲ್ಲ.

ಆದ್ದರಿಂದ ಮೊಸರಿನ ಗುಣಮಟ್ಟವು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು ಹಾಲು. ಎಮ್ಮೆಯ ಹಾಲಿನಲ್ಲಿ ಕೊಬ್ಬಿನ ಅಂಶ ಸಾಮಾನ್ಯವಾಗಿ ಶೇ. 6ರಿಂದ 7ರಷ್ಟಿದ್ದರೆ ಆಕಳ ಹಾಲಿನಲ್ಲಿ ಶೇ. 4ರ ಆಸುಪಾಸಿನಲ್ಲಿರುತ್ತದೆ. ಬೇಸಿಗೆಯಲ್ಲಿ ಹಸಿರು ಮೇವು ಕಡಿಮೆಯಾಗಿ ಎಮ್ಮೆಯ ಹಾಲು ಇಳಿದಾಗ ಪೂರೈಕೆದಾರನು ಎರಡನ್ನೂ ಬೆರೆಸಿದರೆ, ಅಥವಾ ನೀರು ಸೇರಿಸಿದರೆ, ಮೊಸರು ತೆಳುವಾಗುವುದು ಖಚಿತ. ಎರಡನೆಯದು ಹೆಪ್ಪು. ಹುಳಿ ಮೊಸರಿನ ಹೆಪ್ಪಿನಿಂದ ಹುಳಿ ಮೊಸರೇ ಆಗುತ್ತದೆ. ಮೂರನೆಯದು ಹವಾಮಾನ. ಬಾಗಲಕೋಟೆಯ ಏಪ್ರಿಲ್ ತಿಂಗಳ ರಾತ್ರಿಯಲ್ಲಿ ಕೆಲವೇ ತಾಸುಗಳಲ್ಲಿ ಆಗುವ ಮೊಸರಿಗೆ ಡಿಸೆಂಬರ್ ತಿಂಗಳಲ್ಲಿ ಇಡೀ ರಾತ್ರಿ ಬೇಕಾಗಬಹುದು. ಎರಡೂ ಋತುಗಳಲ್ಲಿ ಒಂದೇ ವೇಳೆಗೆ ಹೆಪ್ಪು ಹಾಕುವ ಅಡಿಗೆಯವನಿಗೆ ಒಂದೇ ಬಗೆಯ ಮೊಸರು ದೊರೆಯಲಾರದು. ನಾಲ್ಕನೆಯದು ಸಂಗ್ರಹ. ವಿದ್ಯುತ್ ಹೋದಾಗ, ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆದಾಗ, ಮಧ್ಯಾಹ್ನದ ಬಿಸಿಯಲ್ಲಿ ಪಾತ್ರೆಯನ್ನು ಬಡಿಸುವ ಕಟ್ಟೆಯ ಮೇಲೆಯೇ ಬಿಟ್ಟಾಗ ಹುಳಿ ಏರುತ್ತದೆ.

ಈ ನಾಲ್ಕನ್ನೂ ಅನುಭವಿ ಅಡಿಗೆಯವರು ಬಲ್ಲರು. ಬಲ್ಲವರಿದ್ದೂ ಮೊಸರು ಕೆಡುವುದೇಕೆ? ಉಳಿದ ಮೊಸರನ್ನು ಏನು ಮಾಡಬೇಕೆಂದು ಮಾಲೀಕರು ಹೇಳಿರುವುದಿಲ್ಲ. ಕೆಡುವುದಕ್ಕೆ ಮುಖ್ಯ ಕಾರಣ ಇದು.

ಉಳಿಕೆ ಮಾಲು ಎಲ್ಲಿ ಹೋಗುತ್ತದೆ?

ಖಾನಾವಳಿಯ ದಿನವಹಿಯಲ್ಲಿ ಹಾಲಿನ ಖರೀದಿ ಇರುತ್ತದೆ, ಊಟದ ಮಾರಾಟ ಇರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಎಷ್ಟು ಮೊಸರು ಉಳಿಯಿತು, ಅದು ಏನಾಯಿತು ಎಂಬುದಕ್ಕೆ ಒಂದು ಕಲಮೂ ಇರುವುದಿಲ್ಲ. ಲೆಕ್ಕದಲ್ಲಿ ಸ್ಥಾನವಿಲ್ಲದ ಉಳಿಕೆ ಮಾಲು ಮರುದಿನದ ಪಾತ್ರೆಯಲ್ಲಿ ಸ್ಥಾನ ಪಡೆಯುತ್ತದೆ. ಹಳೆಯ ಮೊಸರಿನ ಮೇಲೆ ಹೊಸ ಮೊಸರು ಸುರಿದು ಕಲಸಿದರೆ ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ಆದರೆ ಆ ಪಾತ್ರೆಯಲ್ಲಿ ಈಗ ಒಂದು ದಿನದ, ಎರಡು ದಿನದ, ಮೂರು ದಿನದ ಮೊಸರು ಒಟ್ಟಿಗಿದೆ. ಯಾವ ಬಟ್ಟಲಿಗೆ ಯಾವುದು ಬರುತ್ತದೆಂದು ಹೇಳುವವರಿಲ್ಲ. ಮೊದಲು ಬಂದ ಮಾಲು ಮೊದಲು ಹೋಗಬೇಕೆಂಬ, ಪ್ರತಿಯೊಬ್ಬ ಕಿರಾಣಿ ವ್ಯಾಪಾರಿಯೂ ಪಾಲಿಸುವ ನಿಯಮವು ಇಲ್ಲಿ ಅಸಾಧ್ಯವಾಗಿಬಿಡುತ್ತದೆ.

ವೆಚ್ಚ ಲೆಕ್ಕಶಾಸ್ತ್ರದಲ್ಲಿ 'ಸಾಮಾನ್ಯ ನಷ್ಟ' ಎಂಬ ಒಂದು ತತ್ತ್ವವಿದೆ. ಯಾವುದೇ ತಯಾರಿಕೆಯಲ್ಲಿ ಅನಿವಾರ್ಯವಾಗಿ ಹೋಗುವ ಭಾಗದ ವೆಚ್ಚವನ್ನು ಒಳ್ಳೆಯ ಮಾಲಿನ ವೆಚ್ಚದಲ್ಲಿಯೇ ಸೇರಿಸಬೇಕೆಂಬುದು ಅದರ ಸಾರ. ಬಟ್ಟೆ ಹೊಲಿಯುವವನು ತುಂಡುಗಳ ವೆಚ್ಚವನ್ನು, ಕಲ್ಲು ಕೊಯ್ಯುವವನು ಪುಡಿಯ ವೆಚ್ಚವನ್ನು ಹೀಗೆಯೇ ಸೇರಿಸುತ್ತಾನೆ. ಇಳಕಲ್ಲಿನ ಗ್ರಾನೈಟ್ ಉದ್ಯಮಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಲ್ಲಿನ ಪುಡಿಯನ್ನು ಮರಳಿ ಹಲಗೆಗೆ ಅಂಟಿಸಲು ಬರುವುದಿಲ್ಲ. ಹಳೆಯ ಮೊಸರನ್ನು ಹೊಸದಕ್ಕೆ ಬೆರೆಸಲು ಬರುತ್ತದೆ. ಈ ಅನುಕೂಲವೇ ಖಾನಾವಳಿಯ ಶತ್ರು.

ಒಂದು ಸರಳ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ದಿನಕ್ಕೆ 100 ಊಟ, ಊಟಕ್ಕೆ 100 ಗ್ರಾಂ ಮೊಸರು ಎಂದರೆ 10 ಕಿಲೊ ಬೇಕು. ಕೊರತೆಯಾಗಬಾರದೆಂದು 11 ಕಿಲೊ ಹೆಪ್ಪು ಹಾಕಲಾಗುತ್ತದೆ. ಕಿಲೊಗೆ ರೂ. 60 ವೆಚ್ಚವೆಂದರೆ ಉಳಿದ ಒಂದು ಕಿಲೊ ಮೊಸರಿನ ಬೆಲೆ ದಿನಕ್ಕೆ ರೂ. 60, ತಿಂಗಳಿಗೆ ರೂ. 1,800. ಇದನ್ನು ಊಟಗಳ ಮೇಲೆ ಹಂಚಿದರೆ ಊಟವೊಂದಕ್ಕೆ 60 ಪೈಸೆ.

ಈಗ ಇನ್ನೊಂದು ಬದಿಯನ್ನು ನೋಡೋಣ. ಊಟವೊಂದರಿಂದ ನೇರ ವೆಚ್ಚ ಕಳೆದು ರೂ. 30 ಉಳಿಯುತ್ತದೆಂದು ಭಾವಿಸೋಣ. ತಿಂಗಳಿಗೆ 25 ದಿನ ಊಟ ಮಾಡುವ ಕಾಯಂ ಗಿರಾಕಿಯೊಬ್ಬನು ಹುಳಿ ಮೊಸರಿಗೆ ಬೇಸತ್ತು ಬೇರೆಡೆಗೆ ಹೋದರೆ ತಿಂಗಳಿಗೆ ರೂ. 750, ವರ್ಷಕ್ಕೆ ರೂ. 9,000 ಹೋದಂತೆ. ಅಂತಹ ಮೂವರು ಹೋದರೆ ತಿಂಗಳಿಗೆ ರೂ. 2,250, ಉಳಿದ ಮೊಸರನ್ನೆಲ್ಲ ಚೆಲ್ಲಿದ್ದರೂ ಆಗುತ್ತಿದ್ದ ನಷ್ಟಕ್ಕಿಂತ ಇದು ಹೆಚ್ಚು. ಚೆಲ್ಲಿದ ಮೊಸರು ಕಣ್ಣಿಗೆ ಕಾಣುತ್ತದೆ, ಹೋದ ಗಿರಾಕಿ ಕಾಣುವುದಿಲ್ಲ. ಕಾಣುವ ನಷ್ಟಕ್ಕೆ ಹೆದರಿ ಕಾಣದ ನಷ್ಟವನ್ನು ಬರಮಾಡಿಕೊಳ್ಳುವುದು ವ್ಯಾಪಾರದಲ್ಲಿ ಬಹು ಹಳೆಯ ತಪ್ಪು. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡಬಹುದು.

ನಾಲ್ಕು ಊರು, ನಾಲ್ಕು ಬಗೆಯ ಬೇಡಿಕೆ

ಉಳಿಕೆಯ ಪ್ರಮಾಣವು ಬೇಡಿಕೆಯ ಸ್ವರೂಪವನ್ನು ಅವಲಂಬಿಸಿರುವುದರಿಂದ ಎಲ್ಲ ಊರುಗಳಿಗೂ ಒಂದೇ ಪರಿಹಾರ ಸಾಲದು. ಬಾಗಲಕೋಟೆಯ ನವನಗರದಲ್ಲಿ ಕಚೇರಿಗಳು ಮತ್ತು ಕಾಲೇಜುಗಳಿರುವುದರಿಂದ ಕಾಯಂ ಗಿರಾಕಿಗಳು ಹೆಚ್ಚು. ಬೇಡಿಕೆಯನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು. ರಜಾ ದಿನಗಳ ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಬಾದಾಮಿಯ ಸ್ಥಿತಿ ಬೇರೆ. ಮೇಣಬಸದಿಗಳನ್ನು ನೋಡಲು, ಅಲ್ಲಿಂದ 1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾದ ಪಟ್ಟದಕಲ್ಲಿಗೂ ಐಹೊಳೆಗೂ ಹೋಗಲು ಬರುವ ಪ್ರವಾಸಿಗರು ಚಳಿಗಾಲದಲ್ಲಿ ಗುಂಪುಗುಂಪಾಗಿ ಬರುತ್ತಾರೆ. ಶಾಲಾ ಪ್ರವಾಸದ ಬಸ್ಸುಗಳು ಮುನ್ಸೂಚನೆಯಿಲ್ಲದೆ ಬಂದು ನಿಲ್ಲುತ್ತವೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಕಾಲದಲ್ಲಿ ಬೇಡಿಕೆಗೆ ಮಿತಿಯೇ ಇರುವುದಿಲ್ಲ. ಇಲ್ಲಿನ ಗ್ರಾಹಕನು ಎರಡನೆಯ ಸಲ ಬರುವುದು ಅಪರೂಪ, ಆದ್ದರಿಂದ ಒಂದು ಹುಳಿ ಬಟ್ಟಲಿನಿಂದ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಆ ಒಬ್ಬ ಹೋಟೆಲಿನವರದಲ್ಲ, ಊರಿನದು. 'ಬಾದಾಮಿಯಲ್ಲಿ ಊಟ ಸರಿಯಿಲ್ಲ' ಎಂದು ಪ್ರವಾಸಿಯು ಹೇಳುವಾಗ ಅಂಗಡಿಯ ಹೆಸರನ್ನು ಹೇಳುವುದಿಲ್ಲ.

ಹುನಗುಂದವು ಸೋಲಾಪುರ–ವಿಜಯಪುರ–ಹೊಸಪೇಟೆ ಹೆದ್ದಾರಿಯ ಮೇಲಿದೆ. ಲಾರಿ ಚಾಲಕರು, ಕೂಡಲಸಂಗಮಕ್ಕೆ ಹೋಗುವ ಯಾತ್ರಿಕರು ಹೊತ್ತಲ್ಲದ ಹೊತ್ತಿನಲ್ಲಿ ಊಟಕ್ಕೆ ಇಳಿಯುತ್ತಾರೆ. ಆದ್ದರಿಂದ ಮೊಸರು ಬೆಳಗಿನಿಂದ ಮಧ್ಯರಾತ್ರಿಯವರೆಗೆ ಬಾಳಬೇಕಾಗುತ್ತದೆ. ಇಂತಹ ಕಡೆ ಒಂದೇ ಸಲ ದೊಡ್ಡ ಪಾತ್ರೆಗೆ ಹೆಪ್ಪು ಹಾಕುವುದಕ್ಕಿಂತ ದಿನಕ್ಕೆ ಎರಡು ಸಲ ಹಾಕುವುದು ಲೇಸು. ಇಳಕಲ್ಲಿನಲ್ಲಿ ಸೀರೆಯ ಖರೀದಿಗೆ ಬರುವವರ ಸಂಖ್ಯೆ ಮದುವೆಯ ತಿಂಗಳುಗಳಲ್ಲಿ ಏರಿ ನಂತರ ಇಳಿಯುತ್ತದೆ. ಇಳಿಯುವ ತಿಂಗಳ ಮೊದಲ ವಾರವೇ ಅಪಾಯದ ವಾರ. ಏರಿದ ಅಳತೆಯಲ್ಲಿಯೇ ಹೆಪ್ಪು ಹಾಕುವ ಕೈ ತನ್ನ ರೂಢಿಯನ್ನು ತಕ್ಷಣ ಬಿಡುವುದಿಲ್ಲ.

ಬನಶಂಕರಿಯ ಕುಡಿಕೆ ಹೇಳುವ ಪಾಠ

ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಬನಶಂಕರಿ ಗುಡಿಯ ಆವರಣದಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿಗಳನ್ನೂ ಮಣ್ಣಿನ ಚಿಕ್ಕ ಕುಡಿಕೆಗಳಲ್ಲಿ ಮೊಸರನ್ನೂ ಇಟ್ಟುಕೊಂಡು ಮಾರುವ ತಾಯಂದಿರನ್ನು ಕಾಣದ ಯಾತ್ರಿಕರಿಲ್ಲ. ಮಣ್ಣಿನ ಕುಡಿಕೆಯು ಮೊಸರಿನ ನೀರನ್ನು ಹೀರುತ್ತದೆ, ಆ ನೀರು ಹೊರಮೈಯಿಂದ ಆರುವಾಗ ಒಳಗಿನದು ತಂಪಾಗುತ್ತದೆ. ಆದ್ದರಿಂದ ಮೊಸರು ಗಟ್ಟಿಯಾಗಿ ನಿಲ್ಲುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ.

ಲೆಕ್ಕದ ದೃಷ್ಟಿಯಿಂದ ಅದರಲ್ಲಿ ಇನ್ನೂ ಒಂದು ಗುಣವಿದೆ. ಹೆಪ್ಪು ಹಾಕಿದ ಪಾತ್ರೆಯೇ ಮಾರಾಟದ ಪಾತ್ರೆ. ಒಂದು ಕುಡಿಕೆಯ ಮೊಸರು ಇನ್ನೊಂದಕ್ಕೆ ಬೆರೆಯುವುದಿಲ್ಲ, ಸೌಟು ತಾಗುವುದಿಲ್ಲ, ಉಳಿದರೆ ಎಷ್ಟು ಉಳಿಯಿತೆಂದು ಎಣಿಸಬಹುದು. ಅಕ್ಷರದ ಲೆಕ್ಕವಿಲ್ಲದಿದ್ದರೂ ಕುಡಿಕೆಯೇ ಲೆಕ್ಕವಾಗಿದೆ. ಈ ಪದ್ಧತಿಗೂ ಮಿತಿಗಳುಂಟು. ಮನೆಯಿಂದ ಮನೆಗೆ ಹಾಲು ಬೇರೆ. ಕುಡಿಕೆಯ ಮೇಲೆ ದಿನಾಂಕವಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಣ್ಣಿನ ತಂಪು ಸಾಲದು. ಆದರೂ ಚಿಕ್ಕ ಪಾತ್ರೆಯ ತತ್ತ್ವವನ್ನು ಖಾನಾವಳಿಗಳು ಅಳವಡಿಸಿಕೊಳ್ಳಬಹುದಾಗಿದೆ. ಹತ್ತು ಕಿಲೊದ ಒಂದು ಪಾತ್ರೆಯ ಬದಲು ಎರಡೆರಡು ಕಿಲೊದ ಐದು ಪಾತ್ರೆಗಳನ್ನು ಇಟ್ಟು, ಪ್ರತಿಯೊಂದರ ಮೇಲೆ ಹೆಪ್ಪು ಹಾಕಿದ ದಿನ ಮತ್ತು ವೇಳೆಯನ್ನು ಬರೆದು, ಒಂದು ಮುಗಿದ ಮೇಲೆಯೇ ಇನ್ನೊಂದನ್ನು ತೆರೆದರೆ ಬೆರಕೆ ತಾನಾಗಿಯೇ ನಿಲ್ಲುತ್ತದೆ.

ಬೆಂಗಳೂರಿನ ಬಿಯರ್ ಉದ್ಯಮದ ಅನುಭವ

ಹುದುಗಿನಿಂದ ಆಗುವ ಸರಕನ್ನು ಮಾರುವ ಇನ್ನೊಂದು ಉದ್ಯಮದಲ್ಲಿಯೂ ಇದೇ ಪ್ರಶ್ನೆ ಇದೆ. 2011ರಿಂದ ಬೆಂಗಳೂರಿನಲ್ಲಿ ಕಿರು ಬ್ರೂವರಿಗಳು ಆರಂಭವಾಗಿ, ತಮ್ಮಲ್ಲಿಯೇ ಸಣ್ಣ ಪ್ರಮಾಣದಲ್ಲಿ ತಯಾರಿಸಿದ ಬಿಯರನ್ನು ತಮ್ಮ ಉಪಾಹಾರ ಗೃಹದಲ್ಲಿಯೇ ಬಡಿಸುತ್ತಿವೆ. ಬಾಟಲಿಯ ಬಿಯರಿಗೆ ಕಾರ್ಖಾನೆಯಲ್ಲಿ ಕೆಡದಂತೆ ಸಂಸ್ಕರಣೆಯಾಗಿರುತ್ತದೆ. ಈ ತಾಜಾ ಬಿಯರಿಗೆ ಸಾಮಾನ್ಯವಾಗಿ ಅದಿರುವುದಿಲ್ಲ. ಬಿಸಿ, ಬೆಳಕು ಮತ್ತು ಗಾಳಿ ಅದರ ರುಚಿಯನ್ನು ಕೆಡಿಸುತ್ತವೆ. ಪೀಪಾಯಿಯಿಂದ ನಲ್ಲಿಗೆ ಬರುವ ಕೊಳವೆಯನ್ನು ಕಾಲಕಾಲಕ್ಕೆ ತೊಳೆಯದಿದ್ದರೆ ಒಳ್ಳೆಯ ಬಿಯರೂ ಹುಳಿಯಾಗಿ ಬರುತ್ತದೆ. ಒಂದೇ ಹೆಸರಿನ ಬಿಯರು ಒಂದು ದಿನ ಚೆನ್ನಾಗಿದ್ದು ಇನ್ನೊಂದು ದಿನ ಸಪ್ಪೆಯಾಗುವುದಕ್ಕೆ ಬಹುಪಾಲು ಇಂತಹ ಕಾರಣಗಳೇ ಇರುತ್ತವೆ. ಶನಿವಾರದ ಜನಸಂದಣಿಗೆಂದು ತಯಾರಿಸಿ ಮಂಗಳವಾರದವರೆಗೂ ಉಳಿದ ಪೀಪಾಯಿಗೂ ಖಾನಾವಳಿಯ ಹಳೆಯ ಮೊಸರಿಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಈ ಉದ್ಯಮದಿಂದ ತೆಗೆದುಕೊಳ್ಳಬೇಕಾದ ರೂಢಿಗಳು ಸರಳವಾಗಿವೆ: ಪ್ರತಿ ಪೀಪಾಯಿಗೂ ದಿನಾಂಕ, ತೊಳೆಯುವುದಕ್ಕೆ ನಿಗದಿತ ವಾರ, ಬಡಿಸುವ ಮೊದಲು ಜವಾಬ್ದಾರಿಯುಳ್ಳ ಒಬ್ಬರಿಂದ ರುಚಿ ಪರೀಕ್ಷೆ, ಮತ್ತು ಸರಿಯಿಲ್ಲದ್ದನ್ನು ಚೆಲ್ಲುವ ಅಧಿಕಾರ ಆ ವ್ಯಕ್ತಿಗೆ. ಕೊನೆಯದೇ ಮುಖ್ಯ. 'ಇವತ್ತಿನ ಮೊಸರು ಹುಳಿ ಆಗಿದೆರಿ' ಎಂದು ಹೇಳಿದ ಬಡಿಸುವ ಹುಡುಗನು ಬೈಗುಳ ತಿನ್ನಬೇಕಾದರೆ ಅವನು ಎರಡನೆಯ ಸಲ ಹೇಳುವುದಿಲ್ಲ.

ಕಾನೂನು ಮತ್ತು ತೆರಿಗೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 27ರ ಪ್ರಕಾರ ಅವಧಿ ಮೀರಿದ ಅಥವಾ ಅನೈರ್ಮಲ್ಯದಲ್ಲಿ ಇರಿಸಿದ ಆಹಾರಕ್ಕೆ ಮಾರಾಟಗಾರನೇ ಹೊಣೆ. ತಯಾರಕನು ಅಥವಾ ವಿತರಕನು ಯಾರೆಂದು ಗುರುತಿಸಲಾಗದ ಆಹಾರಕ್ಕೂ ಅವನೇ ಹೊಣೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮನೆಗಳಿಂದ ಹಾಲು, ಮೊಸರು ಕೊಳ್ಳುವ ಖಾನಾವಳಿಗಳು ಪೂರೈಸಿದವರ ಹೆಸರು, ದಿನ, ಅಳತೆಗಳನ್ನು ಒಂದು ವಹಿಯಲ್ಲಿ ಬರೆದಿಡುವುದು ಇಬ್ಬರ ರಕ್ಷಣೆಗೂ ಅವಶ್ಯ. ಕಳಪೆ ಗುಣಮಟ್ಟದ ಆಹಾರಕ್ಕೆ ಅದೇ ಕಾಯ್ದೆಯ ಕಲಂ 51ರಲ್ಲಿ ರೂ. 5 ಲಕ್ಷದವರೆಗೆ ದಂಡವನ್ನು ವಿಧಿಸಲಾಗಿದೆ.

ಬೇಸರದಿಂದ ಕೆಲವರು ಪೊಟ್ಟಣದ ಮೊಸರಿಗೆ ಹೊರಳುವುದು ಸಹಜ. ಸಹಕಾರಿ ಒಕ್ಕೂಟದ ನಂದಿನಿ ಮೊಸರಿನಂತಹ ಸರಕಿನಲ್ಲಿ ಏಕರೂಪತೆಯೂ ದಿನಾಂಕವೂ ಇರುತ್ತವೆ. ಮಳೆಗಾಲದ ಅಥವಾ ಜಾತ್ರೆಯ ಅನಿಶ್ಚಿತ ದಿನಗಳಿಗೆ ಅದು ಒಳ್ಳೆಯ ಆಸರೆ. ಆದರೆ ವೆಚ್ಚವನ್ನು ಸರಿಯಾಗಿ ಕಟ್ಟಬೇಕು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಮೊಸರು, ಮಜ್ಜಿಗೆಗಳನ್ನು ಶೇ. 5ರ ಜಿ.ಎಸ್.ಟಿ.ಗೆ ಒಳಪಡಿಸಲಾಯಿತು, ಬಿಡಿ ಮೊಸರಿಗೆ ಅದಿಲ್ಲ. 2017ರ ನವೆಂಬರ್ 15ರಿಂದ ಸಾಮಾನ್ಯ ಉಪಾಹಾರ ಗೃಹಗಳಿಗೆ ಶೇ. 5ರ ದರವನ್ನು ಇನ್‌ಪುಟ್ ತೆರಿಗೆಯ ಜಮೆಯಿಲ್ಲದೆ ನಿಗದಿಪಡಿಸಿರುವುದರಿಂದ ಪೊಟ್ಟಣದ ಮೇಲಿನ ತೆರಿಗೆಯು ಮರಳಿ ಬರುವುದಿಲ್ಲ. ಅದು ವೆಚ್ಚವಾಗಿಯೇ ಉಳಿಯುತ್ತದೆ. ಊಟದ ತಾಟಿನಲ್ಲಿ ಈ ಪ್ರದೇಶದ ಗುರುತಾಗಿರುವ ಎಮ್ಮೆಯ ಗಟ್ಟಿ ಮೊಸರನ್ನು ಪೂರ್ಣವಾಗಿ ಕೈಬಿಡುವ ಮೊದಲು ಈ ಎರಡೂ ಬದಿಗಳನ್ನು ತೂಗಿ ನೋಡುವುದು ಉಚಿತ.

ನಷ್ಟ ಯಾರ ಪಾಲಿಗೆ?

ಮನೆಯ ಮೊಸರನ್ನು ತರಿಸುವ ಕಡೆಗಳಲ್ಲಿ ಇನ್ನೊಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಸಂಜೆ ಉಳಿದ ಕುಡಿಕೆಗಳನ್ನು ತಂದವಳಿಗೇ ಮರಳಿಸಿ ಹಣ ಮುರಿದುಕೊಳ್ಳುವುದು ಖಾನಾವಳಿಗೆ ಲಾಭವೆಂದು ತೋರಬಹುದು. ಆದರೆ ಆ ನಷ್ಟವನ್ನು ತಾಳುವ ಶಕ್ತಿ ಅವಳಿಗಿಲ್ಲ. ಮರಳಿ ಬಂದ ಕುಡಿಕೆಯನ್ನು ಆಕೆ ಮರುದಿನ ಇನ್ನೊಂದು ಕಡೆ ಕೊಡಲೇಬೇಕಾಗುತ್ತದೆ, ಅಥವಾ ಮುಂದಿನ ಹಾಲಿಗೆ ನೀರು ಸೇರಿಸಲೇಬೇಕಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಕೆಟ್ಟ ಮೊಸರು ಸುತ್ತಿ ಬಂದು ನಮ್ಮದೇ ತಾಟಿಗೆ ಬೀಳುತ್ತದೆ. ಬೇಡಿಕೆಯನ್ನು ಊಹಿಸುವವನು ಖಾನಾವಳಿಯವನು. ಊಹೆ ತಪ್ಪಿದ ನಷ್ಟವೂ ಅವನದೇ ಆಗಬೇಕು. ಹಿಂದಿನ ದಿನ ಸಂಜೆಯೇ ಇಷ್ಟು ಕುಡಿಕೆ ಬೇಕೆಂದು ಹೇಳಿ, ಹೇಳಿದಷ್ಟಕ್ಕೆ ಪೂರ್ಣ ಹಣ ಕೊಡುವ ಒಪ್ಪಂದವೇ ಗುಣಮಟ್ಟದ ನಿಜವಾದ ಭದ್ರತೆ.

ಸದಸ್ಯರು ಮಾಡಬಹುದಾದದ್ದು

ಇದಕ್ಕೆ ದೊಡ್ಡ ಬಂಡವಾಳ ಬೇಡ. ದಿನವಹಿಯಲ್ಲಿ ಹೆಪ್ಪು ಹಾಕಿದ್ದು, ಬಡಿಸಿದ್ದು, ಉಳಿದದ್ದು, ಉಳಿದದ್ದರ ವಿಲೇವಾರಿ ಎಂಬ ನಾಲ್ಕು ಕಲಮುಗಳನ್ನು ತೆರೆಯುವುದು, ಚಿಕ್ಕ ಪಾತ್ರೆಗಳು, ಒಂದು ಲ್ಯಾಕ್ಟೋಮೀಟರ್ ಮತ್ತು ಒಂದು ಉಷ್ಣಮಾಪಕ, ಸಿದ್ಧ ಮೊಸರನ್ನು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣದಲ್ಲಿ ಇರಿಸುವುದು, ಹೆಪ್ಪಿಗೆಂದು ತಾಜಾ ಮೊಸರನ್ನು ಮೊದಲೇ ತೆಗೆದಿಡುವುದು. ಒಂದು ತಿಂಗಳು ಈ ವಹಿಯನ್ನು ಬರೆದರೆ ಯಾವ ವಾರ ಎಷ್ಟು ಹೆಪ್ಪು ಹಾಕಬೇಕೆಂಬುದನ್ನು ವಹಿಯೇ ಹೇಳತೊಡಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವು 'ಫಾಸ್ಟ್ಯಾಕ್' ಹೆಸರಿನಲ್ಲಿ ತರಬೇತಿಗಳನ್ನು ರೂಪಿಸಿದೆ. ಸದಸ್ಯರು ಒಟ್ಟಾಗಿ ಕೋರಿದರೆ ನಾಲ್ಕೂ ಊರುಗಳ ಅಡಿಗೆಯವರಿಗೆ ಅದರ ಪ್ರಯೋಜನ ದೊರಕಿಸಬಹುದು.

ಉಳಿದ ಮೊಸರನ್ನೆಲ್ಲ ಚೆಲ್ಲಲೇಬೇಕೆಂದೇನೂ ಇಲ್ಲ. ಹಿಂದಿನ ಮನೆಗಳಲ್ಲಿ ಮೊಸರು ಹುಳಿಯೇರುವ ಮೊದಲೇ ಕಡೆಗೋಲು ಇಳಿಯುತ್ತಿತ್ತು. ಬೆಣ್ಣೆ ಬೇರೆಯಾಗಿ ತುಪ್ಪವಾಗುತ್ತಿತ್ತು, ಮಜ್ಜಿಗೆ ಒಗ್ಗರಣೆ ಪಡೆದು ಸಾರಾಗುತ್ತಿತ್ತು. ನಿನ್ನೆಯ ಮೊಸರನ್ನು ಇಂದಿನದೆಂದು ಯಾರೂ ಬಡಿಸುತ್ತಿರಲಿಲ್ಲ. ಅದಕ್ಕೆ ಅದರದೇ ಹೆಸರು, ಅದರದೇ ಉಪಯೋಗ ಇತ್ತು. ಖಾನಾವಳಿಯಲ್ಲಿಯೂ ಹಿಂದಿನ ದಿನದ, ತಂಪಿನಲ್ಲಿ ಕೆಡದೆ ಉಳಿದ ಮೊಸರು ಮಸಾಲೆ ಮಜ್ಜಿಗೆಯಾಗಿಯೋ ಮಜ್ಜಿಗೆ ಸಾರಾಗಿಯೋ ತನ್ನ ಹೆಸರಿನಲ್ಲಿಯೇ ಮಾರಾಟವಾಗಲಿ. ಅದನ್ನೂ ಮೀರಿದ್ದನ್ನು 60 ಪೈಸೆಯ ಕಲಮಿನಲ್ಲಿ ಬರೆದು ಚೆಲ್ಲಲಿ. ಅಜ್ಜಿಯರ ಅಡಿಗೆಮನೆಯಲ್ಲಿ ಉಳಿಕೆ ಮಾಲಿಗೆ ಇದ್ದ ಆ ಕಲಮನ್ನು ವ್ಯಾಪಾರಸ್ಥರು ತಮ್ಮ ವಹಿಗೆ ಇಂದೇ ಸೇರಿಸಿಕೊಳ್ಳುವುದು ಹಿತಕರ.